ಪಿಆರ್‌ಪಿ: ನಮ್ಮದೇ ರಕ್ತ ಮಂಡಿಗೆ ಮದ್ದಾದ ಕಥೆ

ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ (ನಾರುಪಟ್ಟಿ) ಹರಿದು ಆಪರೇಷನ್‌ಗೆ ಹೊರಟವರಿಗೆ ಈಗ ಒಂದು ಪ್ರಶ್ನೆ ಎದುರಾಗಬಹುದು. ಜೊತೆಗೆ ಪಿಆರ್‌ಪಿಯನ್ನೂ, ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ರಕ್ತದ್ರವವನ್ನೂ, ಹಾಕಿಬಿಡೋಣವೇ? ನಿಮ್ಮದೇ ರಕ್ತ, ನೋವು ಕಡಿಮೆ, ಬೇಗ ವಾಸಿ. ಇಷ್ಟು ಕೇಳಿದ ಮೇಲೆ ಬೇಡ ಅನ್ನೋಕೆ ಬಾಯಿ ಬರುವುದಿಲ್ಲ, ಅಲ್ವಾ?

ವಿಧಾನ ಸರಳ. ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸುತ್ತಾರೆ. ಭಾರದ ಕೆಂಪು ಕಣಗಳು ತಳಕ್ಕೆ ಇಳಿಯುತ್ತವೆ. ಮೇಲಿನ ಹಳದಿ ದ್ರವದಲ್ಲಿ ಪ್ಲೇಟ್‌ಲೆಟ್‌ಗಳು ಉಳಿಯುತ್ತವೆ. ಗಾಯವಾದ ಕಡೆ ಮೊದಲು ಓಡಿಬರುವುದು ಇವೇ. ರಕ್ತ ಹೆಪ್ಪುಗಟ್ಟಿಸುವುದಷ್ಟೇ ಅಲ್ಲ, ಗಾಯ ಮಾಯಲು ನೆರವಾಗುವ ಪ್ರೋಟೀನ್‌ಗಳನ್ನೂ ಬಿಡುಗಡೆ ಮಾಡುತ್ತವೆ.

ಇದು ಮೊದಲು ರಕ್ತ ಚಿಕಿತ್ಸೆಯ ವಸ್ತುವಾಗಿತ್ತು, 1987ರಲ್ಲಿ ಹೃದಯದ ಆಪರೇಷನ್‌ಗೆ ಬಂತು, 1998ರಲ್ಲಿ ದವಡೆಯ ಮೂಳೆಗೆ, ಆಮೇಲೆ ಆಟಗಾರರ ಬಳಿಗೆ. 2009ರ ಸೂಪರ್ ಬೌಲ್‌ಗೆ (ಅಮೆರಿಕನ್ ಫುಟ್‌ಬಾಲ್ ಫೈನಲ್) ಮುಂಚೆ ಆಟಗಾರ ಹೈನ್ಸ್ ವಾರ್ಡ್ ಮಂಡಿಗೆ ಪಿಆರ್‌ಪಿ ಹಾಕಿಸಿಕೊಂಡು ಮೈದಾನಕ್ಕಿಳಿದರು. 2010ರಲ್ಲಿ ಕ್ರೀಡೆಯ ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆ ವಾಡಾ ಇದನ್ನು ಸ್ನಾಯುವಿಗೆ ಚುಚ್ಚುವುದನ್ನು ನಿಷೇಧಿಸಿತು, ಮರುವರ್ಷವೇ ನಿಷೇಧ ತೆಗೆಯಿತು. ಬ್ಯಾನ್ ಮಾಡುವಷ್ಟು ಶಕ್ತಿ ಇದೆ ಎಂದುಕೊಂಡವರೂ ಇದ್ದಿರಬೇಕು!

ಗೋಜಲು ಶುರುವಾಗುವುದು ಇಲ್ಲೇ. ವಾರ್ಡ್‌ಗೆ ಪೆಟ್ಟಾಗಿದ್ದು ಮಂಡಿಯ ಒಳಬದಿಯ ಲಿಗಮೆಂಟ್ ಎಂಸಿಎಲ್‌ಗೆ. ಅದು ಬಹಳ ಸಲ ಆಪರೇಷನ್ ಇಲ್ಲದೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಎಸಿಎಲ್ ಇರುವುದು ಕೀಲಿನ ನಡುವೆ, ದ್ರವದೊಳಗೆ. ಅಲ್ಲಿ ರಕ್ತದ ಹೆಪ್ಪು ನಿಲ್ಲುವುದೇ ಇಲ್ಲ, ತುಂಡಾದ ತುದಿಗಳು ಸೇರುವುದೂ ಕಷ್ಟ. ಹಾಗಾಗಿ ಮಂಡಿಚಿಪ್ಪಿನ ಕೆಳಗಿನಿಂದಲೋ ತೊಡೆಯ ಹಿಂಭಾಗದಿಂದಲೋ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು, ಮೂಳೆಗೆ ತೂತು ಕೊರೆದು ಕೂರಿಸುತ್ತಾರೆ. ಹೀಗೆ ಕೂರಿಸಿದ ಗ್ರಾಫ್ಟ್ ಮೊದಲು ದುರ್ಬಲವಾಗುತ್ತದೆ. ಆಮೇಲೆ ರಕ್ತನಾಳ ಬೆಳೆದು, ತಿಂಗಳುಗಟ್ಟಲೆ ಹಿಡಿದು, ಲಿಗಮೆಂಟ್‌ನಂತಾಗುತ್ತದೆ. ಈ ನಿಧಾನವನ್ನು ಚುರುಕು ಮಾಡಬಹುದೇ ಎಂಬುದೇ ಆಸೆ.

ಪರೀಕ್ಷೆಗಳು ಒಂದೇ ಮಾತು ಹೇಳುತ್ತಿಲ್ಲ. ಟೆಂಡನ್ ತೆಗೆದ ಜಾಗಕ್ಕೆ ಪಿಆರ್‌ಪಿ ಹಾಕಿದಾಗ ಮೊದಲ ದಿನಗಳ ನೋವು ಕಡಿಮೆಯಾದದ್ದು, ಆ ಗುಳಿ ಚೆನ್ನಾಗಿ ತುಂಬಿಕೊಂಡದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಗ್ರಾಫ್ಟ್ ಬೇಗ ಮಾಗಿದಂತೆ ಕೆಲವು ಎಂಆರ್‌ಐಗಳಲ್ಲಿ ಕಾಣುತ್ತದೆ, ಕೆಲವದರಲ್ಲಿ ಇಲ್ಲ. ಮಂಡಿಯ ಸ್ಥಿರತೆಯಲ್ಲಾಗಲಿ ಆಟಕ್ಕೆ ಮರಳುವುದರಲ್ಲಾಗಲಿ ಸ್ಪಷ್ಟ ಲಾಭ ಸಿಕ್ಕಿಲ್ಲ. ಎಂಆರ್‌ಐ ಚೆಂದ ಬಂದರೆ ಸಾಕೇ?

ಇನ್ನೊಂದು ತೊಡಕೂ ಇದೆ. ಪಿಆರ್‌ಪಿ ಅನ್ನುವುದು ಎಲ್ಲೆಡೆ ಒಂದೇ ಬಗೆಯ ಔಷಧವಲ್ಲ. ಒಬ್ಬರ ಸಿರಿಂಜಿನಲ್ಲಿ ಬಿಳಿ ರಕ್ತಕಣ ಜಾಸ್ತಿ, ಇನ್ನೊಬ್ಬರದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪ್ಲೇಟ್‌ಲೆಟ್ ಪ್ರಮಾಣವೂ ಬೇರೆ ಬೇರೆ. ಹೆಸರು ಮಾತ್ರ ಒಂದೇ. ಒಬ್ಬರ ಫಲಿತಾಂಶ ತೋರಿಸಿ ಇನ್ನೊಬ್ಬರ ಸಿರಿಂಜನ್ನು ಸುಮ್ನೆ ಒಪ್ಪಿಕೊಳ್ಳುವುದು ಹೇಗೆ? ತಮಾಷೆ ಏನೆಂದರೆ, ಪ್ಲೇಟ್‌ಲೆಟ್ ಕೆಲಸಕ್ಕೆ ಅಡ್ಡಿಯಾದೀತೆಂದು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯನ್ನು ಸ್ವಲ್ಪ ದಿನ ಬಿಡಿ ಅನ್ನುವ ವೈದ್ಯರೂ ಇದ್ದಾರೆ.

ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು ಕಾಯಿರಿ ಎಂದು ಇವತ್ತಿಗೂ ಹೇಳುವುದುಂಟು. ಪಿಆರ್‌ಪಿ ಹಾಕಿಸಿಕೊಂಡವರಿಗೂ ಅದೇ 9 ತಿಂಗಳು.