'ಲುಕ್ಸ್' ಆದಮೇಲೆ 'ಬ್ಯೂಟಿಫುಲ್' ಬರಬೇಕಾ, 'ಬ್ಯೂಟಿಫುಲಿ'ನಾ?

ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್ ನಾಮಪದದ ಗುಣ ಹೇಳುತ್ತದೆ, ಅಡ್ವರ್ಬ್ ಕೆಲಸ ಹೇಗೆ ನಡೆಯಿತು ಅಂತ ಹೇಳುತ್ತದೆ. ಆಗುಂಬೆಯಲ್ಲಿ 'ಹೆವಿ ರೇನ್', ಅಲ್ಲಿ ಜೋರಾಗಿ ಮಳೆ ಬಂತು ಅಂದರೆ 'ಇಟ್ ರೇನ್ಡ್ ಹೆವಿಲಿ'. ಇಷ್ಟು ಎಲ್ಲರಿಗೂ ಗೊತ್ತು.

ಅಡ್ವರ್ಬ್ ಅಡ್ಜೆಕ್ಟಿವ್ ಮುಂದೆ ನಿಂತು ಎಷ್ಟು ಅಂತಲೂ ಹೇಳುತ್ತದೆ: 'ವೆರಿ ಹೆವಿ ರೇನ್', 'ಎ ರಿಯಲಿ ನ್ಯಾರೋ ರೋಡ್'. ಕನ್ನಡದ 'ತುಂಬಾ ಜೋರು ಮಳೆ'ಗೂ ಇದೇ ಸಾಲು, ಹಾಗಾಗಿ ಕಷ್ಟವಿಲ್ಲ.

ಕಷ್ಟ ಇರೋದು ಕ್ರಿಯಾಪದ ಆದಮೇಲೆ. ನಾವು 'ಕಾಫಿ ಚೆನ್ನಾಗಿದೆ' ಅಂತೀವಿ, 'ಅವಳು ಚೆನ್ನಾಗಿ ಹಾಡುತ್ತಾಳೆ' ಅಂತಲೂ ಅಂತೀವಿ. ಎರಡರಲ್ಲೂ ಅದೇ 'ಆಗಿ'. ಇಂಗ್ಲಿಷಿನಲ್ಲಿ ಮಾತ್ರ 'ದ ಕಾಫಿ ಟೇಸ್ಟ್ಸ್ ಗುಡ್', ಆದರೆ 'ಶಿ ಸಿಂಗ್ಸ್ ವೆಲ್'. 'ಆಗಿ' ಕಂಡಲ್ಲೆಲ್ಲ 'ಲಿ' ಹಚ್ಚುತ್ತಾ ಹೋದರೆ 'ಜೋಗ್ ಫಾಲ್ಸ್ ಲುಕ್ಸ್ ಬ್ಯೂಟಿಫುಲಿ' ಅಂತ ಬಂದುಬಿಡುತ್ತದೆ. ಅದು ತಪ್ಪು, 'ಲುಕ್ಸ್ ಬ್ಯೂಟಿಫುಲ್' ಸರಿ. ಯಾಕಂದರೆ ನೋಡುವ ಕೆಲಸ ಜೋಗದ್ದಲ್ಲ, ನೋಡುವವರು ನಾವು. 'ಬ್ಯೂಟಿಫುಲ್' ಜೋಗದ ಗುಣ. 'ಲುಕ್ಸ್' ಅನ್ನೋದು ಜೋಗಕ್ಕೂ ಆ ಗುಣಕ್ಕೂ ನಡುವೆ ಹಾಕಿದ ಸಂಕ (ಕಾಲುಸೇತುವೆ), ಅಷ್ಟೇ. ಇಂಥವಕ್ಕೆ ಲಿಂಕಿಂಗ್ ವರ್ಬ್ ಅಂತಾರೆ: ಬಿ, ಸೀಮ್, ಬಿಕಮ್, ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್.

ಆದರೆ ಈ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಇವುಗಳಲ್ಲಿ ಲುಕ್, ಸೌಂಡ್, ಸ್ಮೆಲ್, ಟೇಸ್ಟ್, ಫೀಲ್ ಬೇರೆ ವಾಕ್ಯದಲ್ಲಿ ನಿಜವಾದ ಕೆಲಸವನ್ನೇ ಹೇಳುತ್ತವೆ. ನನಗೆ ತುಂಬಾ ಇಷ್ಟವಾದ ಉಪಾಯ ಒಂದಿದೆ: ಕ್ರಿಯಾಪದ ತೆಗೆದು 'ಈಸ್' ಅಥವಾ 'ವಾಸ್' ಹಾಕಿ ಓದಿ. 'ದ ಜ್ಯಾಕ್‌ಫ್ರೂಟ್ ಸ್ಮೆಲ್ಸ್ ಸ್ವೀಟ್' ತಗೊಳ್ಳಿ. 'ದ ಜ್ಯಾಕ್‌ಫ್ರೂಟ್ ಈಸ್ ಸ್ವೀಟ್' ಅಂದರೂ ಅರ್ಥ ಕೂಡುತ್ತದೆ, ಹಾಗಾಗಿ ಅಡ್ಜೆಕ್ಟಿವ್. ಈಗ 'ಹಿ ಸ್ಮೆಲ್ಡ್ ದ ಜ್ಯಾಕ್‌ಫ್ರೂಟ್ ಕೇರ್‌ಫುಲಿ'. ಇಲ್ಲಿ 'ವಾಸ್' ಹಾಕಿದರೆ ಅವನೇ ಹಲಸಿನಹಣ್ಣಾಗಿಬಿಡುತ್ತಾನೆ! ಅಂದರೆ ಇದು ಅವನು ಮೂಸಿ ನೋಡಿದ ಕೆಲಸ, 'ಲಿ' ಬೇಕೇ ಬೇಕು.

ಬಸ್ಸಿನಲ್ಲಿ ಕೂತ ಒಬ್ಬಳನ್ನು ಊಹಿಸಿಕೊಳ್ಳಿ. 'ಶಿ ಲುಕ್ಡ್ ಆಂಗ್ರಿ' ಅಂದರೆ ಅವಳ ಮುಖದಲ್ಲಿ ಸಿಟ್ಟು ಕಾಣುತ್ತಿತ್ತು. 'ಶಿ ಲುಕ್ಡ್ ಆಂಗ್ರಿಲಿ ಅಟ್ ದ ಕಂಡಕ್ಟರ್' ಅಂದರೆ ಕಂಡಕ್ಟರನ್ನ ದುರುಗುಟ್ಟಿ ನೋಡಿದಳು. ಒಂದೇ ಕ್ರಿಯಾಪದ, ಎರಡು ದಾರಿ.

ಲಿಂಕಿಂಗ್ ವರ್ಬ್ ಆದಮೇಲೆ ಅಡ್ವರ್ಬ್, ಅಡ್ಜೆಕ್ಟಿವ್ ಎರಡೂ ಜೊತೆಗೆ ಬಂದರೆ? 'ದ ಕಾಫಿ ಸ್ಮೆಲ್ಸ್ ರಿಯಲಿ ಗುಡ್'. ಇಲ್ಲಿ 'ರಿಯಲಿ' ಸೇರುವುದು 'ಗುಡ್' ಜೊತೆ, ಆಮೇಲೆ ಆ ಜೋಡಿ ಕಾಫಿಗೆ ಸೇರುತ್ತದೆ. ಎಷ್ಟು ಚಂದದ ಜೋಡಣೆ ಅಲ್ವಾ!

'ಲಿ' ಇದ್ದದ್ದೆಲ್ಲ ಅಡ್ವರ್ಬ್ ಅಲ್ಲ. 'ಫ್ರೆಂಡ್ಲಿ', 'ಲೋನ್ಲಿ' ಅಡ್ಜೆಕ್ಟಿವ್‌ಗಳು. ಅಡ್ವರ್ಬ್‌ಗೆಲ್ಲ 'ಲಿ' ಇರಲೇಬೇಕು ಅಂತಲೂ ಇಲ್ಲ: 'ವರ್ಕ್ಸ್ ಹಾರ್ಡ್' ಅಂದರೆ ಕಷ್ಟಪಟ್ಟು ದುಡಿಯುತ್ತಾನೆ, 'ಹಾರ್ಡ್ಲಿ ವರ್ಕ್ಸ್' ಅಂದರೆ ಕೆಲಸ ಮಾಡೋದೇ ಕಮ್ಮಿ.

ಇನ್ನು 'ಎನಫ್'. ಇದು 'ವೆರಿ' ಥರ ಅಡ್ಜೆಕ್ಟಿವ್ ಮುಂದೆ ನಿಲ್ಲುವುದಿಲ್ಲ, ಹಿಂದೆ ಬರುತ್ತದೆ. ಅಂಗಳದ ಅಡಿಕೆ ಸರಿಯಾಗಿ ಒಣಗಿದ್ದರೆ 'ಡ್ರೈ ಎನಫ್'. ಆದರೆ ನಾಮಪದ ಇದ್ದರೆ ಮುಂದೆಯೇ: ಬಿಸಿಲು ಸಾಕಷ್ಟಿದ್ದರೆ 'ಎನಫ್ ಸನ್‌ಲೈಟ್'.