ಪದ ಪರಿಚಯ: ಎಲೆಕ್ಟ್ರಿಕಲ್ ನಾಯ್ಸ್

ಒಂದು ವೈರಿನಲ್ಲಿ ಇರಬಾರದ ವೋಲ್ಟೇಜ್ ಬಂದು ಸೇರಿಕೊಂಡರೆ ಅದೇ ಎಲೆಕ್ಟ್ರಿಕಲ್ ನಾಯ್ಸ್. ಪಕ್ಕದ ವೈರಿನಿಂದ ಬರಬಹುದು, ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್‌ನಿಂದಲೋ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನಿಂದಲೋ ಬರಬಹುದು. ಹಾರ್ನು, ಹೆಡ್‌ಲೈಟು ಇದಕ್ಕೆ ಕ್ಯಾರೇ ಅನ್ನುವುದಿಲ್ಲ. ಹಳೇ ಕಾರಿನ ಎಲೆಕ್ಟ್ರಾನಿಕ್ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ಒತ್ತದೆಯೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಮಾತ್ರ ತಬ್ಬಿಬ್ಬಾಗುತ್ತದೆ.

ಯಾಕೆಂದರೆ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಅಂದರೆ ಕ್ರೂಸ್ ಮಾಡ್ಯೂಲ್‌ಗೆ ವೇಗ ಗೊತ್ತಾಗುವುದು ಸ್ಪೀಡ್ ಸೆನ್ಸರ್ ಕಳಿಸುವ ಪಲ್ಸ್ (ಕರೆಂಟಿನ ಮಿಡಿತ) ಎಣಿಸಿಯೇ. ಎಷ್ಟೋ ಹಳೇ ಕಾರುಗಳಲ್ಲಿ ಈ ಸೆನ್ಸರ್ ಅಂದರೆ ಒಂದು ಅಯಸ್ಕಾಂತ, ಒಂದು ಕಾಯಿಲ್, ಅಷ್ಟೇ. ಅದರ ಸಿಗ್ನಲ್ ಬಹಳ ಸಣ್ಣದು. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್‌ಗೆ ಹೋಗುವ ಪ್ಲಗ್ ವೈರಿನಲ್ಲಾದರೋ ಸಾವಿರಾರು ವೋಲ್ಟ್. ಕಿಡಿ ಹಾರಿದಾಗಲೆಲ್ಲ ಸೆನ್ಸರ್ ವೈರಿನಲ್ಲಿ ಸುಳ್ಳು ಪಲ್ಸ್ ಹುಟ್ಟಿದರೆ, ಗಾಡಿ ಜೋರಾಗಿ ಹೋಗ್ತಿದೆ ಅಂದುಕೊಂಡು ಮಾಡ್ಯೂಲ್ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಇಳಿಸುತ್ತದೆ. ನಿಜವಾದ ಪಲ್ಸ್ ಕಳೆದುಹೋದರೆ ಉಲ್ಟಾ, ವೇಗ ಏರಿಸಲು ಹೊರಡುತ್ತದೆ. ಗಾಡಿ ತಾನಾಗಿ ಮುನ್ನುಗ್ಗುತ್ತಿದ್ದರೆ ರಿಪೇರಿ ಆಗುವವರೆಗೆ ಕ್ರೂಸ್ ಮುಟ್ಟಲೇಬೇಡಿ.

ಸುಮ್ನೆ ಮಾಡ್ಯೂಲ್ ಬದಲಿಸುವ ಮುಂಚೆ, ತೊಂದರೆ ಯಾವುದರ ಜೊತೆ ಬರುತ್ತದೆ ಅಂತ ಗಮನಿಸಿ. ವೇಗ ಅಷ್ಟೇ ಇದ್ದು, ಎಂಜಿನ್ ಜೋರಾಗಿ ತಿರುಗುವ ಕೆಳಗಿನ ಗೇರಿನಲ್ಲಿ ಕಾಟ ಜಾಸ್ತಿಯಾದರೆ ಅನುಮಾನ ಇಗ್ನಿಷನ್ ಅಥವಾ ಆಲ್ಟರ್ನೇಟರ್ ಮೇಲೆ. ವೈಪರ್ ಹಾಕಿದಾಗ ಮಾತ್ರ ಬಂದರೆ ಆ ಮೋಟರ್ ಅಥವಾ ಅದರ ಅರ್ತಿಂಗ್ (ಕಾರಿನ ಲೋಹದ ಮೈಗೆ ಕೊಡುವ ನೆಗೆಟಿವ್ ಕನೆಕ್ಷನ್) ನೋಡಿ. ಕಾರಿನಲ್ಲಿ ಎಎಂ ರೇಡಿಯೊ ಇದ್ದರೆ ಅದೇ ಒಳ್ಳೇ ಪತ್ತೇದಾರ. ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ ಎಂಜಿನ್ ರೇಸ್ ಮಾಡಿ. ಟಿಕ್ ಟಿಕ್ ಅಂದರೆ ಕಿಡಿಯ ಕಡೆಯದು, ಕುಂಯ್ ಅಂತ ಏರುತ್ತಾ ಹೋದರೆ ಆಲ್ಟರ್ನೇಟರ್. ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿದು ನೋಡಿ. 0.5 ವೋಲ್ಟ್ ದಾಟಿದರೆ ಆಲ್ಟರ್ನೇಟರಿನಲ್ಲಿ ಎಸಿಯನ್ನು ಡಿಸಿ ಮಾಡುವ ಡಯೋಡ್ ಚೆಕ್ ಮಾಡಿಸಬೇಕು.

ನನ್ನ ಕೇಳಿದರೆ ಮೊದಲು ಕೈ ಹಾಕಬೇಕಾದದ್ದು ಅರ್ತಿಂಗ್‌ಗೆ. ಖರ್ಚಿಲ್ಲ ಅಲ್ವಾ! ಬ್ಯಾಟರಿಯ ನೆಗೆಟಿವ್ ತೆಗೆದು, ಅರ್ತ್ ಬೋಲ್ಟ್ ಬಿಚ್ಚಿ. ಮೇಲೆ ಚೆನ್ನಾಗಿ ಕಂಡರೂ ರಿಂಗ್ ಟರ್ಮಿನಲ್ (ವೈರಿನ ತುದಿಯ ಉಂಗುರ) ಅಡಿಯಲ್ಲಿ ಕಂದು ತುಕ್ಕು ಕೂತಿರಬಹುದು. ಲೋಹ ಮಿನುಗುವಷ್ಟು ಉಜ್ಜಿ, ಬಿಗಿಯಾಗಿ ಕೂರಿಸಿ. ಆಮೇಲೆ ಪ್ಲಗ್ ವೈರ್. ಯಾರಾದರೂ ಒಳಗೆ ಬರೀ ತಾಮ್ರದ ತಂತಿ ಇರುವಂಥದ್ದು ಹಾಕಿದ್ದರೆ ತೆಗೆದು ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಮಾದರಿಯದ್ದು ಹಾಕಿಸಿ, ಅದು ನಾಯ್ಸನ್ನು ತಗ್ಗಿಸುತ್ತದೆ. ಸೆನ್ಸರ್ ವೈರು ಪ್ಲಗ್ ವೈರಿನ ಜೊತೆಜೊತೆಗೇ ಓಡಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಇಷ್ಟಾದರೂ ಕ್ರೂಸ್ ಸೆಟ್ಟೇ ಆಗದಿದ್ದರೆ ಬ್ರೇಕ್ ಲೈಟು ನೋಡಿ. ಕೆಲವು ಹಳೇ ಮಾಡ್ಯೂಲ್‌ಗಳಿಗೆ ಬ್ರೇಕ್ ಬಲ್ಬಿನ ಫಿಲಮೆಂಟ್ ಮೂಲಕವೇ ಅರ್ತ್ ಸಿಗಬೇಕು. ಎಲ್‌ಇಡಿ ಹಾಕಿದರೆ ಆ ದಾರಿ ಸಿಗದೆ ಸುಮ್ಮನಾಗುತ್ತವೆ. ಅದು ನಾಯ್ಸ್ ಅಲ್ಲ. ಮಾಮೂಲಿ ಬಲ್ಬು ವಾಪಸ್ ಹಾಕಿ ನೋಡಿ.