ಸೆಮಿಸ್ಟರ್ ರಜೆಯ ಅವಕಾಶಗಳು: ಯಾವಾಗ, ಎಲ್ಲಿ ಹುಡುಕಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಬಿಎಸ್‌ಸಿ ಎರಡನೇ ವರ್ಷ ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಸಿಗುವ ರಜೆಯಲ್ಲಿ ಕೈಯಿಂದ ದುಡ್ಡು ಕಟ್ಟದೆ ಸೇರಬಹುದಾದ ಇಂಟರ್ನ್‌ಶಿಪ್, ತರಬೇತಿ, ಉಪನ್ಯಾಸಗಳು ಇವೆಯೇ? ಯಾವಾಗಿನಿಂದ ಹುಡುಕಬೇಕು?

ಉತ್ತರ: ಇವೆ, ಧಾರಾಳವಾಗಿಯೇ ಇವೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು ಅಲ್ಲಿಯೇ. ಕೊನೆಯ ಪ್ರಾಕ್ಟಿಕಲ್ ಮುಗಿಸಿ, ರೆಕಾರ್ಡ್ ಪುಸ್ತಕ ಒಪ್ಪಿಸಿ, ಒಂದು ವಾರ ಚೆನ್ನಾಗಿ ನಿದ್ದೆ ತೀರಿಸಿಕೊಂಡು ಆಮೇಲೆ ಹುಡುಕಲು ಕುಳಿತರೆ, ಬೇಸಿಗೆಯ ಒಳ್ಳೆಯ ಅವಕಾಶಗಳಿಗೆ ಅರ್ಜಿ ಹಾಕುವ ಗಡುವು ಮುಗಿದು ಎಷ್ಟೋ ತಿಂಗಳಾಗಿರುತ್ತದೆ.

ಒಂದು ಉದಾಹರಣೆ ನೋಡಿ. ಸಿ. ವಿ. ರಾಮನ್ ಅವರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಕಚೇರಿ ಇರುವುದು ನಮ್ಮ ಸದಾಶಿವನಗರದಲ್ಲಿ. ಇದು ದೆಹಲಿ ಮತ್ತು ಪ್ರಯಾಗರಾಜ್‌ಗಳಲ್ಲಿರುವ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಪ್ರತಿ ವರ್ಷ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಆಯ್ಕೆಯಾದ ವಿದ್ಯಾರ್ಥಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸ ಮಾಡುತ್ತಾನೆ; ಸ್ಟೈಪೆಂಡ್ ಅವರೇ ಕೊಡುತ್ತಾರೆ, ಕೊನೆಯಲ್ಲಿ ವರದಿ ಒಪ್ಪಿಸಬೇಕು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥದೇ ಬೇಸಿಗೆ ಫೆಲೋಶಿಪ್ ಇದೆ. ಕೆಲಸ ನಡೆಯುವುದು ಬೇಸಿಗೆಯಲ್ಲಾದರೂ ಅರ್ಜಿ ಕರೆಯುವುದು ಅದರ ಹಿಂದಿನ ಚಳಿಗಾಲದಲ್ಲಿ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ನಿಮ್ಮ ಅರ್ಜಿ ಸಿದ್ಧವಾಗಿರಲಿ ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದುಂಟು. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಕ್ಟೋಬರ್‌ನಿಂದಲೇ ಆಯಾ ಸಂಸ್ಥೆಯ ಜಾಲತಾಣದ ಮೇಲೆ ಕಣ್ಣಿಟ್ಟಿರಬೇಕು.

ಅರ್ಜಿಯಲ್ಲಿ ಅಂಕಪಟ್ಟಿಯಷ್ಟೇ ತೂಕ ಇರುವುದು ಅಧ್ಯಾಪಕರ ಶಿಫಾರಸು ಪತ್ರಕ್ಕೆ ಮತ್ತು ನೀವೇ ಬರೆಯಬೇಕಾದ ಒಂದು ಪುಟ್ಟ ಟಿಪ್ಪಣಿಗೆ. ಕೊನೆಯ ದಿನ ಸಂಜೆ ಐದಕ್ಕೆ, ನಾನು ಲ್ಯಾಬಿಗೆ ಬೀಗ ಹಾಕುತ್ತಿರುವಾಗ, ‘ಸರ್, ಒಂದು ಲೆಟರ್ ಬೇಕಿತ್ತು, ಇವತ್ತು ರಾತ್ರಿಯೇ ಲಾಸ್ಟ್’ ಎಂದು ಓಡಿಬರುವ ಹುಡುಗರನ್ನು ಪ್ರತಿ ವರ್ಷವೂ ನೋಡುತ್ತೇನೆ. ಬರೆದುಕೊಡುತ್ತೇನೆ, ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಆದರೆ ಆ ಅವಸರದಲ್ಲಿ ‘ಶ್ರದ್ಧಾವಂತ, ಶ್ರಮಜೀವಿ’ ಎಂಬುದರಾಚೆಗೆ ಏನು ಬರೆಯಲು ಸಾಧ್ಯ? ಅದೇ ಹುಡುಗ ಎರಡು ವಾರ ಮುಂಚೆ ಬಂದು, ತಾನು ಮಾಡಿದ ಸೆಮಿನಾರ್ ಯಾವುದು, ಯಾವ ಪ್ರಯೋಗದಲ್ಲಿ ರೀಡಿಂಗ್ ತಪ್ಪಿದಾಗ ಕಾರಣ ಹುಡುಕಿ ಮತ್ತೆ ತೆಗೆದಿದ್ದ ಎಂಬುದನ್ನು ಅರ್ಧ ಪುಟ ಬರೆದುಕೊಟ್ಟಿದ್ದರೆ, ಆ ಪತ್ರ ಓದುವವರಿಗೆ ಒಬ್ಬ ನಿಜವಾದ ವಿದ್ಯಾರ್ಥಿ ಕಾಣಿಸುತ್ತಿದ್ದ. ಟಿಪ್ಪಣಿಯ ವಿಷಯವೂ ಹೀಗೆಯೇ. ‘ಬಾಲ್ಯದಿಂದಲೂ ವಿಜ್ಞಾನದಲ್ಲಿ ಆಸಕ್ತಿ’ ಎಂಬ ವಾಕ್ಯವನ್ನು ಎಲ್ಲರೂ ಬರೆಯುತ್ತಾರೆ. ನಿಮಗೆ ಅರ್ಥವಾಗದೆ ಉಳಿದ ಒಂದು ಪ್ರಶ್ನೆಯನ್ನು ಬರೆಯಿರಿ.

ಈ ವರ್ಷ ಗಡುವು ತಪ್ಪಿದ್ದರೆ? ಅರ್ಜಿಯನ್ನೇ ಬೇಡದ ಸ್ಥಳಗಳು ಊರಿನಲ್ಲಿ ಇವೆ. ಅವುಗಳಲ್ಲಿ ನನ್ನ ಮಟ್ಟಿಗೆ ಮೊದಲನೆಯದು ಬೆಂಗಳೂರು ವಿಜ್ಞಾನ ವೇದಿಕೆ. ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಈ ವೇದಿಕೆ ಬಸವನಗುಡಿಯ ಅದೇ ಕಾಲೇಜಿನಲ್ಲಿ ಬುಧವಾರದ ಸಂಜೆಯ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ; ಜುಲೈ ತಿಂಗಳಲ್ಲಿ ಅದರ ವಾರ್ಷಿಕ ವಿಜ್ಞಾನ ಹಬ್ಬ. ನಾನು ಹೋದಾಗಲೆಲ್ಲ ಮುಂದಿನ ಸಾಲುಗಳಲ್ಲಿ ನೋಟ್‌ಬುಕ್ ಹಿಡಿದ ನಿವೃತ್ತರೇ ಹೆಚ್ಚು, ಕಾಲೇಜು ಹುಡುಗರು ಬೆರಳೆಣಿಕೆಯಷ್ಟು. ಉಪನ್ಯಾಸ ಮುಗಿದ ಮೇಲೆ ಭಾಷಣಕಾರರು ವೇದಿಕೆಯಿಂದ ಇಳಿದು ಬಾಗಿಲ ಬಳಿ ಹತ್ತು ನಿಮಿಷ ನಿಲ್ಲುತ್ತಾರಲ್ಲ, ಆಗ ಹೋಗಿ ಒಂದು ಪ್ರಶ್ನೆ ಕೇಳುವುದರಿಂದ ಆಗುವ ಪರಿಚಯ ಐವತ್ತು ಇಮೇಲ್ ಕಳಿಸಿದರೂ ಆಗುವುದಿಲ್ಲ. ಮೆಟ್ರೋ ಹಸಿರು ಮಾರ್ಗದಲ್ಲಿ ‘ನ್ಯಾಷನಲ್ ಕಾಲೇಜು’ ಎಂಬ ನಿಲ್ದಾಣವೇ ಇರುವುದರಿಂದ ದಾರಿ ತಪ್ಪುವ ಭಯವೂ ಇಲ್ಲ.

ಭೌತವಿಜ್ಞಾನ ನಿಮ್ಮ ವಿಷಯವಾಗಿದ್ದರೆ, ಚೌಡಯ್ಯ ರಸ್ತೆಯ ನೆಹರೂ ತಾರಾಲಯವು ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುವ ‘ರೀಪ್’ ಎಂಬ ವಾರಾಂತ್ಯದ ತರಗತಿಗಳ ಬಗ್ಗೆಯೂ ವಿಚಾರಿಸಿ. ಮನೆಯಲ್ಲೇ ಕುಳಿತು ಓದುವವರಿಗೆ ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್ ಇದೆ: ಪಾಠ ಉಚಿತ, ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಅಂತಿಮ ಅಂಕದಲ್ಲಿ ಶೇ 25 ವಾರದ ಅಸೈನ್‌ಮೆಂಟ್‌ಗಳಿಗೆ, ಶೇ 75 ಪರೀಕ್ಷೆಗೆ. ಜನವರಿ ಮತ್ತು ಜುಲೈಗಳಲ್ಲಿ ಹೊಸ ಕೋರ್ಸ್‌ಗಳು ಆರಂಭವಾಗುತ್ತವೆ.

ಇನ್ನು ದುಡ್ಡಿನ ಮಾತು. ‘ಸರ್ಟಿಫಿಕೇಟ್ ಸಹಿತ ಇಂಟರ್ನ್‌ಶಿಪ್, ರಿಜಿಸ್ಟ್ರೇಷನ್ ಎರಡು ಸಾವಿರ’ ಎಂಬ ಸಂದೇಶ ಪರೀಕ್ಷೆ ಮುಗಿಯುವ ವಾರದಲ್ಲಿ ತರಗತಿಯ ವಾಟ್ಸಾಪ್ ಗುಂಪಿಗೆ ಬಂದೇ ಬರುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಹಣ ಕಟ್ಟಿ ಪಡೆದದ್ದು ನಾಲ್ಕು ರೆಕಾರ್ಡ್ ಮಾಡಿದ ವಿಡಿಯೊ ಮತ್ತು ಹೆಸರಿನಲ್ಲಿ ಅಕ್ಷರ ತಪ್ಪಿದ ಒಂದು ಪ್ರಮಾಣಪತ್ರ. ಹಣ ಕೇಳಿದವರಿಗೆ ಎರಡು ಪ್ರಶ್ನೆ ಹಾಕಿ: ನನಗೆ ಮಾರ್ಗದರ್ಶನ ಮಾಡುವವರು ಯಾರು, ಅವರೊಡನೆ ಒಮ್ಮೆ ಫೋನಿನಲ್ಲಿ ಮಾತನಾಡಬಹುದೇ? ಹಣ ಕಟ್ಟುವ ಮಾತು ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಇರಲಿ.